ಗೋಡೆ ಒಡೆಯುವ ಮುನ್ನ: ಮನೆ ನವೀಕರಣದಲ್ಲಿ ಮಾಲೀಕರು ಮತ್ತು ಗುತ್ತಿಗೆದಾರರು

ಹಳೆಯ ಮನೆಯನ್ನು ನವೀಕರಿಸುವುದು ಹೊಸ ಮನೆ ಕಟ್ಟುವುದಕ್ಕಿಂತ ಚಿಕ್ಕ ಕೆಲಸ, ಆದರೆ ಅಂದಾಜು ಮಾಡಲು ಹೆಚ್ಚು ಕಷ್ಟದ ಕೆಲಸ. ಖಾಲಿ ನಿವೇಶನದಲ್ಲಿ ಪಾಯದಿಂದ ಮೋಲ್ಡ್‌ವರೆಗೆ ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ ಬೇಕೆಂದು ನಕ್ಷೆ ನೋಡಿ ಹೇಳಬಹುದು. ಮೂವತ್ತು ವರ್ಷದ ಮನೆಯಲ್ಲಿ ಹಾಗಲ್ಲ. ಬಾತ್‌ರೂಮಿನ ನೆಲ ಕೀಳುವವರೆಗೆ ಅಡಿಯ ಜಿಐ ಪೈಪು ಎಷ್ಟು ತುಕ್ಕು ಹಿಡಿದಿದೆ ಎಂದು ತಿಳಿಯುವುದಿಲ್ಲ. ಸ್ವಿಚ್ ಬೋರ್ಡು ಬಿಚ್ಚುವವರೆಗೆ ಒಳಗಿನ ವೈರು ಯಾವ ಕಾಲದ್ದೆಂದು ಗೊತ್ತಾಗುವುದಿಲ್ಲ. ಗಾರೆ ಕೆರೆದ ಮೇಲಷ್ಟೇ ಒಳಗಿರುವುದು ಸಿಮೆಂಟೋ, ಸುಣ್ಣವೋ, ಬರೀ ಮಣ್ಣೋ ಎಂಬುದು ಬಯಲಾಗುತ್ತದೆ. ಇದರ ಜೊತೆಗೆ ಮನೆಯವರು ಹೆಚ್ಚಾಗಿ ಅದೇ ಮನೆಯ ಒಂದು ಕೋಣೆಗೆ ಹಾಸಿಗೆ, ಗ್ಯಾಸ್ ಸ್ಟೌ ಸಾಗಿಸಿಕೊಂಡು ಧೂಳಿನ ನಡುವೆಯೇ ಇರುತ್ತಾರೆ.

ಹೀಗೆ ಕಾಣದ ಕೆಲಸಕ್ಕೆ ಮಾಲೀಕರೂ ಗುತ್ತಿಗೆದಾರರೂ ಮೊದಲೇ ಬೆಲೆ ಕಟ್ಟಬೇಕಾಗುತ್ತದೆ. ಬಹುಪಾಲು ಮನಸ್ತಾಪಗಳ ಬೇರು ‘ಅದನ್ನ ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್’ ಎಂಬ ಒಂದು ಮಾತಿನಲ್ಲಿರುತ್ತದೆ. ಆ ಮಾತನ್ನು ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಆಡಿರುತ್ತಾರೆ. ಅದರ ಬೆಲೆ ತಿಳಿಯುವುದು ಕೊನೆಯ ಬಿಲ್ಲಿನಲ್ಲಿ. ಕೆಲಸದ ವ್ಯಾಪ್ತಿ, ಅಳತೆ, ಹಣ, ತೀರ್ಮಾನ ಮಾಡುವವರು ಯಾರು ಎಂಬ ನಾಲ್ಕು ವಿಷಯ ಸುತ್ತಿಗೆ ಎತ್ತುವ ಮುನ್ನ ಸ್ಪಷ್ಟವಾದರೆ ಉಳಿದ ಸೌಹಾರ್ದ ತಾನಾಗಿ ಬೆಳೆಯುತ್ತದೆ.

ಕೆಲಸ ಹಿಡಿಯುವವರು ಮತ್ತು ಹಿಡಿಯುವ ಬಗೆ

ಕರ್ನಾಟಕದ ಊರುಗಳಲ್ಲಿ ಈ ಕೆಲಸ ಹಿಡಿಯುವವರು ಮೂರು ಬಗೆ. ಮೊದಲನೆಯವರು ಮೇಸ್ತ್ರಿ. ಸ್ವತಃ ಗಾರೆ ಕೆಲಸ ಬಲ್ಲವರು, ನಾಲ್ಕೈದು ಆಳುಗಳ ಗುಂಪು ಕಟ್ಟಿಕೊಂಡವರು. ಪ್ಲಂಬರ್, ವೈರಿಂಗಿನವರು, ಬಡಗಿ, ಪೇಂಟರ್‌ಗಳನ್ನು ಪರಿಚಯದ ಮೇಲೆ ಕರೆತರುತ್ತಾರೆ. ಎರಡನೆಯವರು ಒಟ್ಟಿಗೆ ಹಲವು ಸೈಟು ನಡೆಸುವ ಗುತ್ತಿಗೆದಾರರು. ಕೆಲಸ ನಡೆಯುವ ಜಾಗದಲ್ಲಿ ಇವರ ಬದಲು ಸೂಪರ್‌ವೈಸರ್ ಸಿಗುತ್ತಾರೆ. ಮೂರನೆಯವು ವಿನ್ಯಾಸದಿಂದ ಪೀಠೋಪಕರಣದವರೆಗೆ ಎಲ್ಲವನ್ನೂ ವಹಿಸಿಕೊಳ್ಳುವ ಇಂಟೀರಿಯರ್ ಸಂಸ್ಥೆಗಳು. ಸಣ್ಣ ದುರಸ್ತಿಗೆ ಮೇಸ್ತ್ರಿ ಸಾಕು. ಗೋಡೆ ತೆಗೆಯುವುದು, ಮೇಲೊಂದು ಕೋಣೆ ಹಾಕುವುದು ಇದ್ದರೆ ಗುತ್ತಿಗೆದಾರರ ಜೊತೆಗೆ ಒಬ್ಬ ಸಿವಿಲ್ ಎಂಜಿನಿಯರ್ ಅಗತ್ಯ. ಪಿಲ್ಲರ್ ಇಲ್ಲದ ಹಳೆಯ ಮನೆಗಳಲ್ಲಿ ಚಾವಣಿಯ ಭಾರ ಹೊರುವುದು ಗೋಡೆಯೇ. ಅಂಥ ಗೋಡೆಯನ್ನು ಹಾಲ್ ದೊಡ್ಡದಾಗಲೆಂದು ತೆಗೆಯಬಹುದೇ ಎಂಬುದನ್ನು ಮೇಸ್ತ್ರಿಯ ಅನುಭವಕ್ಕೆ ಬಿಡುವಂತಿಲ್ಲ.

ಒಪ್ಪಂದದ ಬಗೆಯೂ ಮುಖ್ಯ, ಏಕೆಂದರೆ ಯಾರು ಯಾವುದಕ್ಕೆ ಹೊಣೆ ಎಂಬುದು ಅದರಿಂದಲೇ ನಿಗದಿಯಾಗುತ್ತದೆ. ದಿನಗೂಲಿಯಲ್ಲಿ ಆಳಿನ ಲೆಕ್ಕಕ್ಕೆ ದುಡ್ಡು. ಕೆಲಸ ಬೇಗ ಮುಗಿಸುವ ಆತುರ ಯಾರಿಗೂ ಇರುವುದಿಲ್ಲ, ಮೇಲುಸ್ತುವಾರಿಯೆಲ್ಲ ಮಾಲೀಕರ ತಲೆಗೆ. ಆದರೆ ಗೋಡೆಯೊಳಗೆ ಏನಿದೆಯೋ ತಿಳಿಯದ ಒಡೆಯುವ ಹಂತಕ್ಕೆ ಇದೇ ನ್ಯಾಯವಾದ ಕ್ರಮ. ಲೇಬರ್ ಕಾಂಟ್ರಾಕ್ಟಿನಲ್ಲಿ ಸಾಮಾನು ಮಾಲೀಕರದ್ದು, ಕೂಲಿ ಚದರಡಿಗೆ ಇಷ್ಟೆಂದು. ಸಾಮಾನಿನ ಗುಣಮಟ್ಟ ಮಾಲೀಕರ ಕೈಯಲ್ಲಿರುತ್ತದೆ. ಅದಕ್ಕೆ ಬದಲಾಗಿ ಮರಳು ಮುಗಿದ ದಿನ ಆಳುಗಳು ಖಾಲಿ ಕೂತರೆ ಅದರ ಹೊಣೆಯೂ ಅವರದೇ. ಸಾಮಾನು ಸಮೇತದ ಗುತ್ತಿಗೆಯಲ್ಲಿ ಓಡಾಟ ತಪ್ಪುತ್ತದೆ, ಆದರೆ ಬ್ರ್ಯಾಂಡು, ದರ್ಜೆ, ದಪ್ಪ ಮೊದಲೇ ಬರೆದಿರದಿದ್ದರೆ ಅಗ್ಗದ ಸಾಮಾನು ನುಸುಳುತ್ತದೆ. ನವೀಕರಣದ ಮಟ್ಟಿಗೆ ಬೆರಕೆ ಪದ್ಧತಿ ಹೊಂದುತ್ತದೆ: ಒಡೆಯುವುದಕ್ಕೆ ದಿನಗೂಲಿ, ಗಾರೆ ಮತ್ತು ಟೈಲ್ಸ್‌ಗೆ ಚದರಡಿ ದರ, ಪೈಪು–ವೈರಿಂಗಿಗೆ ಪಾಯಿಂಟ್ ಲೆಕ್ಕ.

ಆಯ್ಕೆ

ಗುತ್ತಿಗೆದಾರರು ತೋರಿಸುವ ಹೊಸ ಮನೆಯ ಫೋಟೋಗಳಿಗಿಂತ ಅವರು ಎರಡು ಮಳೆಗಾಲದ ಹಿಂದೆ ಮುಗಿಸಿದ ಮನೆ ಹೆಚ್ಚು ಹೇಳುತ್ತದೆ. ಬಣ್ಣ ಹೊಸದಿರುವಾಗ ಎಲ್ಲ ಗೋಡೆಯೂ ಚೆನ್ನ. ತೇವ ಏಳುವುದು, ಟೈಲ್ಸ್ ಕೂತಲ್ಲಿಂದ ಎದ್ದು ಪೊಳ್ಳು ಸದ್ದು ಮಾಡುವುದು, ಕಿಟಕಿಯ ಸಜ್ಜಾ ಮೇಲೆ ಬಿರುಕು ಕಾಣುವುದು ಆಮೇಲೆ. ಅಂಥ ಮನೆಯವರನ್ನು ಕೇಳಬೇಕಾದ ಪ್ರಶ್ನೆ ಕೆಲಸ ಹೇಗಿದೆ ಎಂಬುದೊಂದೇ ಅಲ್ಲ. ಕೆಲಸ ಮುಗಿದ ಮೇಲೆ ಏನಾದರೂ ಕೆಟ್ಟಾಗ ಫೋನು ಎತ್ತಿದರೇ ಎಂಬುದು ಅದಕ್ಕಿಂತ ಮುಖ್ಯ.

ದರಪಟ್ಟಿಯನ್ನು ಮೂವರಿಂದ ಪಡೆಯುವುದು ರೂಢಿ. ಆದರೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದ ಪಟ್ಟಿಗಳನ್ನು ಒಟ್ಟು ಮೊತ್ತ ನೋಡಿ ಹೋಲಿಸಲಾಗದು. ಮಾಲೀಕರೇ ಕೆಲಸಗಳ ಪಟ್ಟಿ ಮಾಡಿ ಮೂವರಿಗೂ ಅದನ್ನೇ ಕೊಟ್ಟರೆ ಹೋಲಿಕೆಗೆ ಅರ್ಥ ಬರುತ್ತದೆ. ಉಳಿದಿಬ್ಬರಿಗಿಂತ ತೀರಾ ಕಡಿಮೆ ಹೇಳಿದವರು ಯಾವುದನ್ನು ಬಿಟ್ಟಿದ್ದಾರೆ ಎಂದು ಹುಡುಕಬೇಕು. ಕಸ ಸಾಗಿಸುವುದು, ಸಾರುವೆ, ಪುಟ್ಟಿಯ ಎರಡನೇ ಕೋಟು ಹೀಗೆ ಬಿಟ್ಟುಹೋಗುವ ಸಾಮಾನ್ಯ ಬಾಬತ್ತುಗಳು. ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರು ಸಾಮಾನು ಸಮೇತದ ದುರಸ್ತಿ ಕೆಲಸಕ್ಕೆ ಶೇ 18 ತೆರಿಗೆ ಸೇರಿಸುತ್ತಾರೆ. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ಕಾಗದದ ಮೇಲೆ

1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ತೊಡಕಿರುವುದು ಅದನ್ನು ರುಜುವಾತು ಮಾಡುವುದರಲ್ಲಿ. ಆದ್ದರಿಂದ ಎರಡು ಪುಟದ ಬರಹ ಅಪನಂಬಿಕೆಯ ಗುರುತಲ್ಲ, ಆರು ವಾರದ ನಂತರ ಇಬ್ಬರ ನೆನಪೂ ಬೇರೆ ಬೇರೆ ದಾರಿ ಹಿಡಿದಾಗ ನೋಡಿಕೊಳ್ಳಲು ಇರುವ ಟಿಪ್ಪಣಿ.

ಬರೆಯುವ ರೀತಿಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಬಾತ್‌ರೂಮು ಒಳ್ಳೆಯ ಉದಾಹರಣೆ. ‘ಬಾತ್‌ರೂಂ ನವೀಕರಣ, ಸಾಮಾನು ಸಮೇತ, ಒಟ್ಟು ಇಷ್ಟು’ ಎಂದು ಒಂದು ಸಾಲು ಬರೆದರೆ ಅದರೊಳಗೆ ಹತ್ತು ಜಗಳಕ್ಕೆ ಜಾಗವಿದೆ. ಅದನ್ನೇ ಬಿಡಿಸಿ ಬರೆದರೆ ಹೀಗಾಗುತ್ತದೆ: ಹಳೆಯ ಟೈಲ್ಸ್ ಕಿತ್ತು ಕಸ ಸಾಗಿಸುವುದು, ನೆಲಕ್ಕೂ ಗೋಡೆಯ ಕೆಳಭಾಗದ ಒಂದು ಅಡಿಗೂ ವಾಟರ್‌ಪ್ರೂಫಿಂಗ್ ಎರಡು ಕೋಟು, ನೀರಿನ ಪೈಪು ಸಿಪಿವಿಸಿ, ಇಂಥ ಕಂಪನಿಯದು, ಗೋಡೆಗೆ ಟೈಲ್ಸ್ ಏಳು ಅಡಿ ಎತ್ತರದವರೆಗೆ, ಟೈಲ್ಸಿನ ಬೆಲೆ ಚದರಡಿಗೆ ಇಷ್ಟು ರೂಪಾಯಿಯವರೆಗೆ, ಮೇಲಿನದ್ದನ್ನು ಆರಿಸಿದರೆ ವ್ಯತ್ಯಾಸ ಮಾಲೀಕರದ್ದು, ನಲ್ಲಿ, ಕಮೋಡು ಮಾಲೀಕರು ತರುವುದು, ಕೂರಿಸುವುದು ಗುತ್ತಿಗೆದಾರರು.

ಇದೇ ಬರಹದಲ್ಲಿ ಇನ್ನೂ ಕೆಲವು ಸಂಗತಿ ಸೇರಬೇಕು. ಆರಂಭ ಮತ್ತು ಮುಕ್ತಾಯದ ದಿನ, ಹಣದ ಕಂತುಗಳು, ಮುಗಿದ ಮೇಲೆ ಎಷ್ಟು ಕಾಲ ದೋಷ ಸರಿಪಡಿಸಿಕೊಡುತ್ತಾರೆ ಎಂಬ ಮಾತು, ನೀರು–ಕರೆಂಟಿನ ಖರ್ಚು ಯಾರದು ಎಂಬುದು. ಕ್ಯೂರಿಂಗ್‌ಗೆ ನೀರು ಹಾಕುವವರು ಯಾರು ಎಂಬುದಂತೂ ಬರೆಯಲೇಬೇಕು. ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಮನೆಗೆಲಸಕ್ಕೆ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮೇಸ್ತ್ರಿ ಮನೆಯವರು ಹಾಕುತ್ತಾರೆಂದುಕೊಂಡು, ಮನೆಯವರು ಮೇಸ್ತ್ರಿ ಹಾಕುತ್ತಾರೆಂದುಕೊಂಡು, ಕಾಂಕ್ರೀಟು ಒಣಗಿ ಬಿರುಕು ಬಿಟ್ಟ ಮನೆಗಳು ಕಡಿಮೆಯಿಲ್ಲ.

ಹಳೆಯ ಸಾಮಾನು ಯಾರದು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಸಾಗುವಾನಿ ಬಾಗಿಲು, ಹಲಸಿನ ತೊಲೆ, ತಾಮ್ರದ ವೈರು, ಕಬ್ಬಿಣದ ಕಿಟಕಿ ಸರಳುಗಳಿಗೆ ಗುಜರಿಯಲ್ಲೂ ಹಳೆ ಮರದ ಅಂಗಡಿಯಲ್ಲೂ ಒಳ್ಳೆಯ ಬೆಲೆಯಿದೆ. ಕರಾವಳಿಯ ಮನೆಗಳಲ್ಲಿ ಹಳೆಯ ಮಂಗಳೂರು ಹೆಂಚೂ ಹಾಗೆಯೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಭಾಗದ ಮನೆಗಳಿಗೆ ಹೊದಿಸಿದ ಈ ಹೆಂಚು ಒಂದಕ್ಕೊಂದು ಕೊಕ್ಕೆಯಂತೆ ಕೂರುತ್ತದೆ. ಒಡೆದ ನಾಲ್ಕನ್ನು ಬದಲಿಸಲು ಅದೇ ಅಚ್ಚಿನದ್ದೇ ಬೇಕು. ಇಳಿಸಿದ ಗಟ್ಟಿ ಹೆಂಚು ಕಸದ ಟ್ರ್ಯಾಕ್ಟರ್ ಏರಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅನುಮತಿಯ ಹೊಣೆ ಮಾಲೀಕರದ್ದು. ಬಣ್ಣ, ಟೈಲ್ಸ್ ಬದಲಿಸಲು ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಡ. ಮಹಡಿ ಏರಿಸುವುದು, ಕಟ್ಟಡದ ರಚನೆಯನ್ನೇ ಬದಲಿಸುವುದಾದರೆ ಸ್ಥಳೀಯ ಸಂಸ್ಥೆಯ ನಕ್ಷೆ ಮಂಜೂರಾತಿ ಬೇಕು. ಫ್ಲ್ಯಾಟುಗಳಲ್ಲಿ ಸಂಘದ ಅನುಮತಿ, ಸದ್ದು ಮಾಡಬಹುದಾದ ಹೊತ್ತು, ಲಿಫ್ಟಿನಲ್ಲಿ ಮರಳು ಸಾಗಿಸಬಹುದೇ ಎಂಬ ನಿಯಮ ಮೊದಲೇ ತಿಳಿದು ಗುತ್ತಿಗೆದಾರರಿಗೆ ಹೇಳಬೇಕು. ಇಲ್ಲದಿದ್ದರೆ ಗೇಟಿನ ಬಳಿ ನಿಂತ ಆಳುಗಳ ಒಂದು ದಿನದ ಕೂಲಿ ಯಾರ ಲೆಕ್ಕಕ್ಕೆ ಎಂಬುದು ಮೊದಲ ಜಗಳವಾಗುತ್ತದೆ.

ಅಳತೆಯ ಲೆಕ್ಕ

ನೂರು ಚದರಡಿಗೆ ಒಂದು ಚದರ. ಇಲ್ಲಿಯವರೆಗೆ ಎಲ್ಲರದ್ದೂ ಒಂದೇ ಮಾತು. ಬಾಗಿಲು, ಕಿಟಕಿಯ ಜಾಗವನ್ನು ಕಳೆಯಬೇಕೇ ಬೇಡವೇ ಎಂಬಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಗಾರೆಯೇ ಇಲ್ಲವಲ್ಲ ಎಂಬುದು ಮನೆಯವರ ವಾದ. ಅಂಚು ತಿದ್ದುವುದಕ್ಕೆ ಬಯಲು ಗೋಡೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಮೇಸ್ತ್ರಿಯ ವಾದ. ಎರಡೂ ಸರಿ.

ಕಟ್ಟಡ ಕೆಲಸದ ಅಳತೆಗಾಗಿಯೇ ಇರುವ ಭಾರತೀಯ ಮಾನಕ ಐಎಸ್ 1200 ಇದಕ್ಕೆ ಮಧ್ಯದ ದಾರಿ ತೋರಿಸುತ್ತದೆ. ಅರ್ಧ ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರಡಿಯ ಕಿಂಡಿಯನ್ನು ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರ್‌ವರೆಗಿನದಾದರೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಾರೆ ಇದ್ದಾಗ, ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮುಖದ್ದು ಅಂಚಿನ ಕೆಲಸಕ್ಕೆ ಸಂದಾಯ. ಅದಕ್ಕೂ ದೊಡ್ಡದಾದರೆ ಎರಡೂ ಕಡೆ ಕಳೆದು ಅಂಚನ್ನು ಬೇರೆ ಅಳೆಯಬೇಕು.

10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳ ಒಳಮುಖ 440 ಚದರಡಿ. 3 ಅಡಿಗೆ 7 ಅಡಿಯ ಬಾಗಿಲು 21 ಚದರಡಿ, 4 ಅಡಿ ಚೌಕದ ಕಿಟಕಿ 16 ಚದರಡಿ. ಎರಡೂ 3 ಚದರ ಮೀಟರ್‌ಗಿಂತ ಚಿಕ್ಕವು. ಗೋಡೆಯ ಒಳಗೂ ಹೊರಗೂ ಒಂದೇ ಗಾರೆ ಮಾಡಿಸಿದರೆ 37 ಚದರಡಿಯನ್ನು ಒಂದು ಬದಿಯಿಂದ ಮಾತ್ರ ಕಳೆಯಬೇಕು. ಮೇಸ್ತ್ರಿಗೆ ಮಾನಕದ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ‘ಬಾಗಿಲು ಕಿಟಕಿ ಒಂದು ಸೈಡು ಕಟ್’ ಎಂದು ಬರೆದುಕೊಂಡರೆ ಸಾಕು. ಅಳೆಯುವಾಗ ಟೇಪಿನ ಒಂದು ತುದಿ ಮಾಲೀಕರ ಕಡೆಯವರ ಕೈಯಲ್ಲಿರಬೇಕು, ಬರೆದ ಹಾಳೆಗೆ ಇಬ್ಬರ ಸಹಿಯೂ ಬೀಳಬೇಕು.

ದುಡ್ಡಿನ ನಡೆ

ಹಣ ಕೆಲಸಕ್ಕಿಂತ ಮುಂದೆ ಓಡಬಾರದು, ತೀರಾ ಹಿಂದೆಯೂ ಬೀಳಬಾರದು. ಮಾಲೀಕರು–ಗುತ್ತಿಗೆದಾರರ ಸಂಬಂಧ ನಿಂತಿರುವುದು ಈ ಒಂದು ಸೂತ್ರದ ಮೇಲೆ.

ದೊಡ್ಡ ಅಡ್ವಾನ್ಸು ಕೊಟ್ಟರೆ ಆಗುವುದೇನೆಂದು ತಿಳಿಯಲು ಗುತ್ತಿಗೆದಾರರ ಶನಿವಾರವನ್ನು ನೋಡಬೇಕು. ಅಂದು ಸಂಜೆ ಎಲ್ಲ ಸೈಟುಗಳ ಆಳುಗಳಿಗೂ ವಾರದ ಬಟವಾಡೆ. ಒಂದು ಕಡೆ ಬಿಲ್ಲು ಬಾಕಿ ಉಳಿದಿದ್ದರೆ ಇನ್ನೊಂದು ಕಡೆಯ ಅಡ್ವಾನ್ಸು ಆ ಬಟವಾಡೆಗೆ ಹೋಗುತ್ತದೆ. ಸೋಮವಾರ ಸಿಮೆಂಟು ತರಲು ಕೈ ಖಾಲಿ. ಮೋಸದ ಉದ್ದೇಶ ಇಲ್ಲದೆಯೂ ಕೆಲಸ ನಿಲ್ಲುವುದು ಹೀಗೆ. ಅದೇ ರೀತಿ, ಮುಗಿದ ಹಂತದ ಹಣವನ್ನು ಮಾಲೀಕರು ಎರಡು ವಾರ ತಡೆದರೆ ಆಳುಗಳು ಬಟವಾಡೆ ಸರಿಯಾಗಿರುವ ಬೇರೆ ಸೈಟಿಗೆ ಹೋಗುತ್ತಾರೆ. ಹೋದ ಗುಂಪನ್ನು ಮತ್ತೆ ಕರೆತರುವುದು ಗುತ್ತಿಗೆದಾರರಿಗೂ ಸುಲಭವಲ್ಲ.

ಆದ್ದರಿಂದ ಆರಂಭಕ್ಕೆ ಹತ್ತನೇ ಒಂದು ಭಾಗದಷ್ಟು ಕೊಟ್ಟು, ಉಳಿದದ್ದನ್ನು ಕಣ್ಣಿಗೆ ಕಾಣುವ ಹಂತಗಳಿಗೆ ಕಟ್ಟುವುದು ಸುರಕ್ಷಿತ. ಒಡೆದು ಕಸ ತೆಗೆದ ಮೇಲೆ ಒಂದು, ಪೈಪು–ವೈರಿಂಗ್ ಮುಗಿದು ಪರೀಕ್ಷೆ ಆದ ಮೇಲೆ ಒಂದು, ಗಾರೆ ಮುಗಿದ ಮೇಲೆ, ಟೈಲ್ಸ್ ಮುಗಿದ ಮೇಲೆ, ಬಣ್ಣ ಮುಗಿದ ಮೇಲೆ ಒಂದೊಂದು ಕಂತು. ‘ತಿಂಗಳ ಕೊನೆಗೆ ಇಷ್ಟು’ ಎಂಬ ಕಂತು ಕೆಲಸಕ್ಕೂ ಹಣಕ್ಕೂ ಇರುವ ಗಂಟನ್ನು ಬಿಚ್ಚಿಬಿಡುತ್ತದೆ. ಕೊನೆಯ ಶೇ 5ರಿಂದ 10ರಷ್ಟನ್ನು ಎಲ್ಲ ಸಣ್ಣಪುಟ್ಟ ಲೋಪ ಸರಿಯಾಗುವವರೆಗೆ ಉಳಿಸಿಕೊಳ್ಳುವುದನ್ನು ಮೊದಲೇ ಹೇಳಿರಬೇಕು. ಕೊನೆಯಲ್ಲಿ ಹೇಳಿದರೆ ಅದು ಹಣ ಮುರಿದುಕೊಂಡಂತೆ ಕಾಣುತ್ತದೆ. ಪಾವತಿ ಬ್ಯಾಂಕಿನ ಮೂಲಕ ಅಥವಾ ಯುಪಿಐ ಮೂಲಕವಾದರೆ ತಾರೀಕು ತಾನೇ ದಾಖಲಾಗುತ್ತದೆ. ನಗದು ಕೊಟ್ಟರೆ ಒಂದೇ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು ಹಳೆಯ, ಈಗಲೂ ಒಳ್ಳೆಯ ಕ್ರಮ. ಗುತ್ತಿಗೆದಾರರನ್ನು ಬಿಟ್ಟು ಪ್ಲಂಬರಿಗೋ ಬಡಗಿಗೋ ನೇರವಾಗಿ ದುಡ್ಡು ಕೊಟ್ಟರೆ ಎರಡು ಲೆಕ್ಕ ಹುಟ್ಟಿಕೊಳ್ಳುತ್ತವೆ.

ಹೆಚ್ಚುವರಿ ಕೆಲಸ

ಕೆಲಸ ನಡೆಯುವಾಗ ಮನೆಯವರಿಗೆ ಹೊಸ ಆಸೆಗಳು ಬರುವುದು ಸಹಜ. ‘ಹೇಗೂ ಗಾರೆ ಕಲಸಿದ್ದೀರಲ್ಲ, ಹಿತ್ತಲಿನ ಕಟ್ಟೆಗೂ ಒಂದು ಕೈ ಹಾಕಿಬಿಡಿ’ ಎಂಬ ಮಾತು ಮನೆಯವರ ಪಾಲಿಗೆ ವಿನಂತಿ, ಮೇಸ್ತ್ರಿಯ ಪಾಲಿಗೆ ಹೆಚ್ಚುವರಿ ಕೆಲಸ. ಆಗ ದರದ ಮಾತು ಆಡದಿದ್ದರೂ, ಬಿಟ್ಟಿಯೆಂದು ಮಾಡದ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕೆಂದು ಕರಾರು ಕಾಯಿದೆಯ 70ನೇ ಸೆಕ್ಷನ್ ಹೇಳುತ್ತದೆ. ಎಷ್ಟು ಎಂಬುದೇ ಜಗಳ.

ಮೂರು ಸಾಲಿನ ವಾಟ್ಸ್‌ಆ್ಯಪ್ ಸಂದೇಶ ಇದನ್ನು ತಪ್ಪಿಸುತ್ತದೆ: ಏನು ಕೆಲಸ, ಎಷ್ಟು ಹಣ, ಎಷ್ಟು ದಿನ ಹೆಚ್ಚು. ಎದುರಿನವರಿಂದ ‘ಸರಿ’ ಎಂಬ ಉತ್ತರ ಬಂದ ಮೇಲಷ್ಟೇ ಕೆಲಸ ಶುರುವಾಗಬೇಕು. ಗೋಡೆ ಒಡೆದಾಗ ಸಿಕ್ಕ ಅನಿರೀಕ್ಷಿತಕ್ಕೂ ಇದೇ ಕ್ರಮ. ಜೊತೆಗೆ ಒಂದು ಫೋಟೋ ಇರಬೇಕು. ಇಂಥದ್ದಕ್ಕೆಂದು ಒಟ್ಟು ಅಂದಾಜಿನ ಶೇ 10ರಿಂದ 15ರಷ್ಟು ಭಾಗವನ್ನು ಮೊದಲೇ ಬೇರೆ ಎತ್ತಿಟ್ಟ ಮನೆಯವರು ಪ್ರತಿ ಸುದ್ದಿಗೂ ಸಿಡುಕುವುದಿಲ್ಲ.

ದಿನದಿನದ ಕೆಲಸ

ಮನೆಯಲ್ಲಿ ತೀರ್ಮಾನ ಹೇಳುವವರು ಒಬ್ಬರೇ ಇರಬೇಕು. ಬೆಳಿಗ್ಗೆ ಯಜಮಾನರು ಶೆಲ್ಫು ನಾಲ್ಕು ಅಡಿಗೆ ಎಂದು, ಮಧ್ಯಾಹ್ನ ಅತ್ತೆಯವರು ಕೈಗೆಟಕುವಂತೆ ಇಳಿಸಿ ಎಂದು, ಸಂಜೆ ಮಗಳು ಶೆಲ್ಫೇ ಬೇಡ ಎಂದರೆ ಬಡಗಿ ಮೂರು ಸಲ ತೂತು ಕೊರೆಯುತ್ತಾನೆ. ಎಲ್ಲರ ಅಭಿಪ್ರಾಯವೂ ಬೇಕು, ಆದರೆ ಅದು ಮನೆಯೊಳಗೇ ಒಂದಾಗಿ ಒಬ್ಬರ ಬಾಯಿಂದ ಹೊರಬರಬೇಕು. ಆ ಮಾತೂ ಮೇಸ್ತ್ರಿಗೋ ಸೂಪರ್‌ವೈಸರ್‌ಗೋ ತಲುಪಬೇಕು. ಕೆಲಸದವರಿಗೆ ನೇರವಾಗಿ ಹೇಳಿ ಮಾಡಿಸಿದ್ದು ಕೆಟ್ಟರೆ ಗುತ್ತಿಗೆದಾರರು ಹೊಣೆ ಹೊರುವುದಿಲ್ಲ. ದಿನಕ್ಕೊಮ್ಮೆ, ಬೆಳಿಗ್ಗೆ ಆಳುಗಳು ಬಂದ ಹತ್ತು ನಿಮಿಷಕ್ಕೆ, ಇಂದಿನ ಕೆಲಸವೇನು, ನಾಳೆಗೆ ಯಾವ ಸಾಮಾನು ಬೇಕು ಎಂದು ಮಾತಾಡಿಕೊಂಡರೆ ಉಳಿದ ಹೊತ್ತು ಬೆನ್ನ ಹಿಂದೆ ನಿಲ್ಲಬೇಕಿಲ್ಲ.

ಸಾಮಾನು ತಡವಾದರೆ ಕೆಲಸವೂ ತಡ. ಟೈಲ್ಸನ್ನು ಒಂದೇ ಸಲ ತರಬೇಕು, ಡಬ್ಬಿಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇರಬೇಕು; ಬ್ಯಾಚು ಬದಲಾದರೆ ಬಣ್ಣದ ಛಾಯೆ ಬದಲಾಗುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ 10 ಹೆಚ್ಚು ಹಿಡಿದರೆ 120 ಚದರಡಿಯ ನೆಲಕ್ಕೆ 132 ಚದರಡಿ ಬೇಕು. ಎರಡು ಅಡಿ ಚೌಕದ ನಾಲ್ಕು ಟೈಲ್ಸ್ ಇರುವ ಡಬ್ಬಿ 16 ಚದರಡಿ, ಹಾಗಾಗಿ ಸ್ಕರ್ಟಿಂಗ್ ಬಿಟ್ಟು ಒಂಬತ್ತು ಡಬ್ಬಿ.

ವೇಳಾಪಟ್ಟಿ ಮಾಡುವಾಗ ಹವಾಮಾನದ ಜೊತೆಗೆ ಜನರನ್ನೂ ನೋಡಬೇಕು. ತಾರಸಿಯ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಬಹಳ. ಬಿತ್ತನೆ, ಊರ ಜಾತ್ರೆ, ಯುಗಾದಿ, ದೀಪಾವಳಿಗೆ ಅವರು ಹೋಗಿಯೇ ಹೋಗುತ್ತಾರೆ. ಆ ದಿನಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿದ ಮುಕ್ತಾಯದ ದಿನವೇ ನಂಬಬಹುದಾದ ದಿನ. ಕುಡಿಯುವ ನೀರು, ಶೌಚಾಲಯ, ಊಟಕ್ಕೆ ನೆರಳು ಯಾವುದೆಂದು ಮೊದಲ ದಿನವೇ ತೋರಿಸುವುದು ಮನೆಯವರ ಕರ್ತವ್ಯ.

ಮುಚ್ಚುವ ಮೊದಲು

ನವೀಕರಣದಲ್ಲಿ ಪರೀಕ್ಷೆಗೆ ಯೋಗ್ಯವಾದದ್ದೆಲ್ಲ ಕೊನೆಗೆ ಮುಚ್ಚಿಹೋಗುತ್ತದೆ. ಹಾಗಾಗಿ ಮುಚ್ಚುವ ಮೊದಲೇ ನೋಡುವ ದಿನಗಳನ್ನು ಗುತ್ತಿಗೆದಾರರ ಜೊತೆ ಗೊತ್ತುಮಾಡಿಕೊಳ್ಳಬೇಕು. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, ಹೊರಹೋಗುವ ದಾರಿ ಮುಚ್ಚಿ ಒಂದೆರಡು ಇಂಚು ನೀರು ಕಟ್ಟಿ 24ರಿಂದ 48 ಗಂಟೆ ಬಿಡುತ್ತಾರೆ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಟು ಎಳೆದು, ಕೆಳಗಿನ ಕೋಣೆಯ ಸೀಲಿಂಗ್ ಗಮನಿಸಬೇಕು. ಅಲ್ಲಿ ತೇವ ಕಂಡರೆ ಆಗ ಸರಿಪಡಿಸಲು ಸಾಕಾಗುವುದು ಒಂದು ದಿನ. ಟೈಲ್ಸ್ ಬಿದ್ದ ಮೇಲೆ ಕಂಡರೆ ಮತ್ತೆ ಎಲ್ಲವನ್ನೂ ಒಡೆಯಬೇಕು. ನೀರಿನ ಪೈಪಿಗೆ ಒತ್ತಡದ ಪರೀಕ್ಷೆ ಗಾರೆಗೆ ಮುನ್ನವೇ ಆಗಬೇಕು. ವೈರಿಂಗ್ ಪೈಪುಗಳ ಫೋಟೋವನ್ನು ಗೋಡೆಗೆ ಟೇಪು ಹಿಡಿದು ತೆಗೆದಿಟ್ಟರೆ, ಮುಂದೆ ಯಾರೋ ಮೊಳೆ ಹೊಡೆಯುವಾಗ ಎಲ್ಲಿ ಹೊಡೆಯಬಾರದೆಂದು ತಿಳಿದಿರುತ್ತದೆ. ಟೈಲ್ಸ್ ಹಾಕಿದ ಮೇಲೆ ನಾಣ್ಯದಿಂದ ತಟ್ಟಿದರೆ ಪೊಳ್ಳು ಇರುವಲ್ಲಿ ಸದ್ದೇ ಹೇಳುತ್ತದೆ.

ತಪ್ಪು ಕಂಡಾಗ ಹೇಳುವ ರೀತಿಯೂ ಕೆಲಸದ ಭಾಗವೇ. ಆಳುಗಳೆದುರು ಮೇಸ್ತ್ರಿಯನ್ನು ಗದರಿದರೆ ಅವರ ಮಾತು ಆ ಆಳುಗಳ ಮೇಲೆ ನಡೆಯುವುದಿಲ್ಲ, ನಷ್ಟ ಮನೆಗೇ. ಬದಿಗೆ ಕರೆದು, ಮಟ್ಟಗೋಲು ಇಟ್ಟು ತೋರಿಸಿ, ಯಾವಾಗ ಸರಿಯಾಗುತ್ತದೆ ಎಂದು ದಿನ ಕೇಳಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಮಾತು ಮುರಿದರೆ

ಎಲ್ಲ ಎಚ್ಚರಿಕೆಯ ನಂತರವೂ ಭಿನ್ನಾಭಿಪ್ರಾಯ ಬರಬಹುದು. ಮೊದಲ ಹೆಜ್ಜೆ, ಇಬ್ಬರೂ ಒಪ್ಪುವ ಎಂಜಿನಿಯರ್ ಒಬ್ಬರಿಂದ ಆದ ಕೆಲಸದ ಅಳತೆ ಮತ್ತು ಬೆಲೆ ಹಾಕಿಸುವುದು. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಬಾಕಿ ಕೆಲಸದ ಪಟ್ಟಿ, ಫೋಟೋ, ಗಡುವು ಸಹಿತ ಲಿಖಿತ ನೋಟಿಸು. ನಂತರದ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮನೆ ನಿರ್ಮಾಣವೂ ಸೇವೆಯ ವ್ಯಾಖ್ಯೆಯಲ್ಲಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗಕ್ಕೆ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸಹಿ ಹಾಕಿದ ಅಳತೆ ಹಾಳೆ, ಪಾವತಿ ದಾಖಲೆ, ವಾಟ್ಸ್‌ಆ್ಯಪ್ ಸಂದೇಶಗಳು ನೆರವಿಗೆ ಬರುವುದು ಆಗ.

ಕೊನೆಯ ಬಿಲ್ಲು

ಕೆಲಸ ಮುಗಿಯಿತು ಎಂದಾಗ ಇಬ್ಬರೂ ಒಟ್ಟಿಗೆ ಕೋಣೆಯಿಂದ ಕೋಣೆಗೆ ನಡೆದು ಉಳಿದದ್ದರ ಪಟ್ಟಿ ಮಾಡಬೇಕು. ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ಚು ಒತ್ತಿ, ಬಾಗಿಲು ಕಿಟಕಿ ಹಾಕಿ ತೆಗೆದು ನೋಡಬೇಕು. ಪಟ್ಟಿಯನ್ನು ಒಂದೇ ಸಲ ಕೊಡಬೇಕು. ದಿನಕ್ಕೊಂದು ಹೊಸ ದೋಷ ಹೇಳುತ್ತಾ ಹೋದರೆ ಯಾವ ಗುತ್ತಿಗೆದಾರರಿಗೂ ಬೇಸರವಾಗುತ್ತದೆ. ಪಂಪು, ಗೀಸರ್, ವಾಟರ್‌ಪ್ರೂಫಿಂಗಿನ ವಾರಂಟಿ ಕಾಗದ, ಸಾಮಾನಿನ ಬಿಲ್ಲು, ಮಿಕ್ಕ ಟೈಲ್ಸ್ ಮತ್ತು ಬಣ್ಣದ ಶೇಡ್ ಸಂಖ್ಯೆ ಪಡೆದುಕೊಂಡು, ಪಟ್ಟಿಯಲ್ಲಿದ್ದದ್ದು ಮುಗಿದ ದಿನವೇ ಉಳಿಸಿಕೊಂಡ ಹಣ ಕೊಟ್ಟುಬಿಡಬೇಕು. ಬಾಕಿ ಇಲ್ಲವೆಂಬ ರಸೀದಿ ಬರೆಸಿಕೊಳ್ಳಬೇಕು. ಮೊದಲ ಮಳೆಗೆ ತಾರಸಿಯ ಮೂಲೆಯಲ್ಲಿ ತೇವ ಕಂಡರೆ ಮೇಸ್ತ್ರಿ ಫೋನು ಎತ್ತುತ್ತಾರೆಯೇ ಎಂಬುದು ಹಿಂದಿನ ಕೊನೆಯ ಶನಿವಾರದ ಬಟವಾಡೆ ಹೇಗೆ ಮುಗಿದಿತ್ತು ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿರುತ್ತದೆ.